ಮಾಂಟ್ಗೊಮರಿಯ ಜಡ್ಜ್ ಜಾನ್ಸನ್ ಬಗ್ಗೆ ಯಾರಾದರೂ ಓದಿದ್ದೀರಾ?

ಅಲಬಾಮಾವಾಸಿ:
ಹೋದ ವರ್ಷ ನನಗೆ ಅಮೆರಿಕದ ಪೌರತ್ವ ಸಿಕ್ಕಿತು. ಪ್ರಮಾಣ ಮಾಡುವುದಕ್ಕೆ ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿರುವ ಫೆಡರಲ್ ಕೋರ್ಟಿಗೆ, ಅಂದರೆ ಕೇಂದ್ರ ಸರ್ಕಾರದ ಕೋರ್ಟಿಗೆ ಹೋಗಿದ್ದೆವು. ನಾನು, ಹೆಂಡತಿ, ಮಗಳು, ಜೊತೆಗೆ ಊರಿಂದ ಬಂದಿದ್ದ ಅಮ್ಮ. ಕಪ್ಪು ಗೌನಿನ ಜಡ್ಜ್ ಒಬ್ಬರು ಬಂದು ಪ್ರಮಾಣ ಮಾಡಿಸಿದರು. ಹೊರಗೆ ಬಂದಾಗ ಅಮ್ಮ ಕಟ್ಟಡದ ಹೆಸರು ತೋರಿಸಿ, "ಇವರ್ಯಾರು? ಮಂತ್ರಿಯಾಗಿದ್ದರಾ?" ಅಂತ ಕೇಳಿದರು. ಫ್ರಾಂಕ್ ಎಂ. ಜಾನ್ಸನ್ ಜೂನಿಯರ್ ಅಂತ ಇತ್ತು. ಹತ್ತು ವರ್ಷದಿಂದ ಅದೇ ರಸ್ತೆಯಲ್ಲಿ ಓಡಾಡುತ್ತಿದ್ದೇನೆ, ಗೊತ್ತಿರಲಿಲ್ಲ. ನಾಚಿಕೆಯಾಯಿತು.

ಆಮೇಲೆ ಕೂತು ಓದಿದೆ. ಮಂತ್ರಿಯಲ್ಲ, ಸೆನೆಟರ್ ಅಲ್ಲ, ಸುಪ್ರೀಂ ಕೋರ್ಟ್ ಜಡ್ಜೂ ಅಲ್ಲ. 1955ರಿಂದ 1979ರವರೆಗೆ ಇದೇ ಊರಲ್ಲಿ ಕೆಳಗಿನ ಕೋರ್ಟಿನ ಜಡ್ಜ್. ಸಾಕ್ಷಿ ಕೇಳುವುದು, ಆದೇಶ ಬರೆಯುವುದು, ಅಷ್ಟೇ ಕೆಲಸ. ಆದರೆ ಬಸ್ಸು, ಮತ, ಶಾಲೆ, ಪೊಲೀಸು, ಜೈಲು, ಹುಚ್ಚಾಸ್ಪತ್ರೆ, ಅಲಬಾಮಾದ ಯಾವ ಸರ್ಕಾರಿ ಬಾಗಿಲು ತಟ್ಟಿದರೂ ಈ ಮನುಷ್ಯನ ಒಂದು ಆದೇಶ ಸಿಗುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಕೆಳಗಿನ ಕೋರ್ಟಿನ ಒಬ್ಬ ಜಡ್ಜ್‌ಗೆ ಇಷ್ಟು ಬಲ ಎಲ್ಲಿಂದ ಬಂತು? ವಕೀಲರು ಯಾರಾದರೂ ಇದ್ದರೆ ಬಿಡಿಸಿ ಹೇಳಿ.

ಲಾ ಮೂರನೇ ವರ್ಷ:
ಅಲ್ಲಿ 'ಡಿಸ್ಟ್ರಿಕ್ಟ್ ಜಡ್ಜ್' ಅಂದರೆ ನಮ್ಮ ಜಿಲ್ಲಾ ನ್ಯಾಯಾಧೀಶರ ಥರಾನಾ? ಪರೀಕ್ಷೆ ಇರುತ್ತಾ? ನಾನು ಸಿವಿಲ್ ಜಡ್ಜ್ ಪರೀಕ್ಷೆಗೆ ಓದುತ್ತಿದ್ದೇನೆ. ಅದಕ್ಕೇ ಕುತೂಹಲ.

ಹಾಸನದ ಕರಿಕೋಟು:
ಹೆಸರು ನೋಡಿ ಮೋಸ ಹೋಗಬೇಡಿ. ಪರೀಕ್ಷೆ ಇಲ್ಲ. ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಸೆನೆಟ್ ಒಪ್ಪಬೇಕು. ಒಪ್ಪಿದರೆ ಸಾಯುವವರೆಗೂ ಕುರ್ಚಿ ಅವರದೇ. ನಿವೃತ್ತಿ ವಯಸ್ಸು ಅನ್ನೋದೇ ಇಲ್ಲ. 65 ವರ್ಷ ವಯಸ್ಸಾಗಿ, 15 ವರ್ಷ ಸೇವೆ ಮಾಡಿದ್ದರೆ 'ಸೀನಿಯರ್' ಆಗಿ ಕಡಿಮೆ ಕೇಸ್ ತೆಗೆದುಕೊಳ್ಳಬಹುದು, ಸಂಬಳ ಪೂರ್ತಿ. 2025ರಲ್ಲಿ ಅವರ ಸಂಬಳ ವರ್ಷಕ್ಕೆ 2,47,400 ಡಾಲರ್. ಕುರ್ಚಿಯಲ್ಲಿ ಇರುವವರೆಗೆ ಅದನ್ನು ಇಳಿಸುವಂತಿಲ್ಲ ಅಂತ ಸಂವಿಧಾನದಲ್ಲೇ ಬರೆದಿದೆ. ತೆಗೆಯಬೇಕಾದರೆ ಮಹಾಭಿಯೋಗವೇ ಆಗಬೇಕು. ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಹಾಗೆ ಮನೆಗೆ ಹೋದವರು ಎಂಟೇ ಎಂಟು ಜನ. ಇಡೀ ದೇಶಕ್ಕೆ ಇಂಥ 94 ಕೋರ್ಟು, ಸುಮಾರು 670 ಹುದ್ದೆ.

ಈಗ ಅಲಬಾಮಾವಾಸಿಯವರ ಪ್ರಶ್ನೆ. ನಮ್ಮಲ್ಲಿ ಸಾಕ್ಷಿಯನ್ನು ಕಣ್ಣಾರೆ ನೋಡಿ, ಪಾಟಿ ಸವಾಲು ಕೇಳುವವರು ಕೆಳಗಿನ ಕೋರ್ಟಿನವರು. ಸರ್ಕಾರದ ಕಾನೂನು ಸಂವಿಧಾನಕ್ಕೆ ವಿರುದ್ಧ ಅಂತ ಹೊಡೆದುಹಾಕುವವರು ಹೈಕೋರ್ಟಿನವರು. ಹೈಕೋರ್ಟು ಹೆಚ್ಚಾಗಿ ಅಫಿಡವಿಟ್ ಓದಿ ತೀರ್ಮಾನ ಮಾಡುತ್ತದೆ. ಅಮೆರಿಕದ ಫೆಡರಲ್ ವಿಚಾರಣಾ ಕೋರ್ಟಿನಲ್ಲಿ ಈ ಎರಡೂ ಒಬ್ಬರ ಕೈಯಲ್ಲೇ ಇದೆ. ಬೆಳಿಗ್ಗೆ ಜೈಲಿನ ವಾರ್ಡನ್‌ನ ಸಾಕ್ಷಿ ಕೇಳುವುದು, ಸಂಜೆ ಅದೇ ಜೈಲಿನ ವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧ ಅನ್ನುವುದು. ಬಲ ಬರುವುದು ಅಲ್ಲಿಂದ. ಕಾನೂನಿನ ಅಭಿಪ್ರಾಯವನ್ನು ಮೇಲಿನ ಕೋರ್ಟು ಸುಲಭವಾಗಿ ತಿರುಗಿಸಬಹುದು. ಜಡ್ಜ್ ಕಂಡುಕೊಂಡ ಸಂಗತಿಗಳನ್ನು ಅಷ್ಟು ಸುಲಭಕ್ಕೆ ಮುಟ್ಟುವಂತಿಲ್ಲ.

ನಿವೃತ್ತ ಶಿರಸ್ತೇದಾರ:
ನಾನು ಮೂವತ್ತಾರು ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿದವನು. ಎಷ್ಟು ಜನ ಸಾಹೇಬರು ಬಂದರು, ಹೋದರು, ಲೆಕ್ಕ ಇಟ್ಟಿಲ್ಲ. ಒಂದು ದೊಡ್ಡ ಕೇಸಿನ ಕಟ್ಟು ಬಿಚ್ಚಿ ಅರ್ಥ ಮಾಡಿಕೊಳ್ಳುವ ಹೊತ್ತಿಗೆ ಎತ್ತಂಗಡಿ ಆದೇಶ. ಹಾರ, ಶಾಲು, ಉಪ್ಪಿಟ್ಟು, ಕೇಸರಿಬಾತ್. ಹೊಸಬರು ಬಂದು ಮತ್ತೆ ಮೊದಲಿಂದ. 24 ವರ್ಷ ಒಂದೇ ಕುರ್ಚಿ ಅಂದರೆ ನನಗೆ ಹೊಟ್ಟೆಕಿಚ್ಚೇ ಆಗುತ್ತದೆ.

ಆದರೆ ವರ್ಗಾವಣೆಗೆ ಕಾರಣವೂ ಇದೆ, ಹುಡುಗರೇ. ಒಂದೇ ಊರಲ್ಲಿ ಬೇರು ಬಿಟ್ಟರೆ ಊರಿನವರ ಹಂಗು ಬೆಳೆಯುತ್ತದೆ. ಮದುವೆ, ಮುಂಜಿ, ಕ್ಲಬ್ಬು, ದೇವಸ್ಥಾನದ ಕಮಿಟಿ. ಈ ಜಾನ್ಸನ್ ಸಾಹೇಬರು ಊರಿನವರ ಜೊತೆ ಹೇಗಿದ್ದರು?

ಅಲಬಾಮಾವಾಸಿ:
ಸರ್, ಇರಲೇ ಇಲ್ಲ ಅನ್ನಬಹುದು. ಊರೇ ಅವರನ್ನು ದೂರ ಇಟ್ಟಿತು. ಮನೆ ಅಂಗಳದಲ್ಲಿ ಶಿಲುಬೆ ಸುಟ್ಟರು. ಅದು ಕೂ ಕ್ಲಕ್ಸ್ ಕ್ಲಾನ್ ಅನ್ನೋ, ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಂಪಿನ ಎಚ್ಚರಿಕೆ. 1967ರ ಏಪ್ರಿಲ್‌ನಲ್ಲಿ ಅವರ ಅಮ್ಮನ ಮನೆಗೆ ಬಾಂಬ್ ಇಟ್ಟರು. ಆಕೆಗೆ ಪೆಟ್ಟಾಗಲಿಲ್ಲ, ಪುಣ್ಯ. ಜಡ್ಜ್ ಮನೆಯ ಫೋನ್ ನಂಬರ್ ಡೈರೆಕ್ಟರಿಯಲ್ಲಿ ಇರಲಿಲ್ಲ. ಅಮ್ಮನ ಮನೆಯ ನಂಬರ್ ಮಾತ್ರ ತೀರಿಕೊಂಡ ಗಂಡನ ಹೆಸರಲ್ಲೇ ಇತ್ತು. ಅಪ್ಪ ಮಗ ಇಬ್ಬರದೂ ಒಂದೇ ಹೆಸರು. ಮಗನ ಮನೆ ಅಂತ ತಿಳಿದೇ ಇಟ್ಟಿರಬೇಕು ಅನ್ನುತ್ತಾರೆ. ವರ್ಷಗಟ್ಟಲೆ ಮಾರ್ಷಲ್‌ಗಳು, ಅಂದರೆ ಫೆಡರಲ್ ಕೋರ್ಟಿನ ಪೊಲೀಸರು, ಮನೆ ಕಾದರು. ಗಾಲ್ಫ್ ಆಡುವುದಕ್ಕೆ ಜೊತೆ ಸಿಗುತ್ತಿದ್ದದ್ದು ಪಕ್ಕದ ಮ್ಯಾಕ್ಸ್‌ವೆಲ್ ವಾಯುನೆಲೆಯ ಅಧಿಕಾರಿಗಳು, ಅಂದರೆ ಹೊರಗಿನವರು. ಬಿಡುವಿದ್ದಾಗ ಮನೆಯಲ್ಲಿ ಮರಗೆಲಸ. ಆಳೆತ್ತರದ ಗಡಿಯಾರಗಳನ್ನು ಕೈಯಾರೆ ಮಾಡುತ್ತಿದ್ದರಂತೆ.

ಅವರು ಈ ಊರಿನವರೂ ಅಲ್ಲ. ಉತ್ತರ ಅಲಬಾಮಾದ ಗುಡ್ಡಗಾಡು, ವಿನ್‌ಸ್ಟನ್ ಕೌಂಟಿ. 1861ರಲ್ಲಿ ರಾಜ್ಯವೆಲ್ಲ ಅಮೆರಿಕ ಒಕ್ಕೂಟ ಬಿಟ್ಟು ಹೋಗೋಣ ಅಂದಾಗ ನಾವು ಬರುವುದಿಲ್ಲ ಅಂದ ಜಾಗ ಅದು. ಗುಲಾಮರನ್ನು ಇಟ್ಟುಕೊಳ್ಳುವಷ್ಟು ದೊಡ್ಡ ತೋಟಗಳು ಅಲ್ಲಿ ಇರಲಿಲ್ಲ. ಅಲ್ಲಿನವರು ತಲೆಮಾರುಗಟ್ಟಲೆ ರಿಪಬ್ಲಿಕನ್ನರು, ಉಳಿದ ಅಲಬಾಮಾ ಪೂರ್ತಿ ಡೆಮಾಕ್ರಾಟ್. ಹೀಗಾಗಿ ಹುಟ್ಟಿನಿಂದಲೇ ಎದುರು ಈಜಿದ ಅಭ್ಯಾಸ. ಹುಟ್ಟಿದ್ದು 1918. ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿಯಲ್ಲಿ ಗಾಯಗೊಂಡರು. ವಾಪಸ್ ಬಂದು ಜಾಸ್ಪರ್ ಅನ್ನೋ ಸಣ್ಣ ಊರಲ್ಲಿ ವಕಾಲತ್ತು. 1953ರಲ್ಲಿ ಐಸೆನ್‌ಹೋವರ್ ಅವರನ್ನು ಫೆಡರಲ್ ಸರ್ಕಾರದ ವಕೀಲರನ್ನಾಗಿ ಮಾಡಿದರು. ಆಗ ಒಂದು ಕೇಸ್ ನಡೆಸಿದರು. ಜೈಲಿನಲ್ಲಿದ್ದ ಕಪ್ಪು ಜನರ ದಂಡ ಕಟ್ಟಿ ಬಿಡಿಸಿಕೊಂಡು ಬಂದು, ಆ ಸಾಲ ತೀರಿಸು ಅಂತ ಜಮೀನಿನಲ್ಲಿ ದುಡಿಸುತ್ತಿದ್ದ ಮನೆತನ. ನಮ್ಮ ಕಡೆ ಜೀತ ಅಂತೀವಲ್ಲ, ಅದೇ. ಶಿಕ್ಷೆ ಕೊಡಿಸಿದರು. 1955ರ ಕೊನೆಗೆ ಜಡ್ಜ್ ಆದಾಗ ವಯಸ್ಸು 37.

ನೀರುಳ್ಳಿ ಬಜೆ:
1955ರ ಡಿಸೆಂಬರ್ 1ಕ್ಕೆ ಅಲ್ವಾ ಮಾಂಟ್ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಅನ್ನೋ ಕಪ್ಪು ಹೆಂಗಸು ಬಿಳಿಯರಿಗೆ ಸೀಟು ಬಿಟ್ಟು ಬಸ್ಸಿನಲ್ಲಿ ಏಳಲ್ಲ ಅಂದದ್ದು? ಅಂದರೆ ಕುರ್ಚಿ ಬಿಸಿಯಾಗುವ ಮುಂಚೆಯೇ ಬಂತು ಗ್ರಹಚಾರ. ಆದರೆ ಬಸ್ಸಿನ ವಿಷಯ ಮುಗಿಸಿದ್ದು ಕಪ್ಪು ಜನ ಬಸ್ಸು ಹತ್ತದೆ ಮಾಡಿದ ಬಹಿಷ್ಕಾರ ಅಂತಲೇ ನಾವು ಶಾಲೆಯಲ್ಲಿ ಓದಿದ್ದು. ಜಡ್ಜ್ ಎಲ್ಲಿಂದ ಬಂದರು ಮಧ್ಯೆ?

ಹಾಸನದ ಕರಿಕೋಟು:
ಬಹಿಷ್ಕಾರ ಇಲ್ಲದಿದ್ದರೆ ಕೇಸಿಗೆ ಜೀವ ಇರುತ್ತಿರಲಿಲ್ಲ, ನಿಜ. ಆದರೆ ಬಸ್ಸಿನಲ್ಲಿ ಕಪ್ಪು, ಬಿಳಿ ಜನರನ್ನು ಬೇರೆ ಕೂರಿಸುವ ಕಾನೂನು ಬಿದ್ದದ್ದು ಬ್ರೌಡರ್ ಕೇಸಿನಲ್ಲಿ. ಅದರಲ್ಲಿ ರೋಸಾ ಪಾರ್ಕ್ಸ್ ವಾದಿಯೇ ಅಲ್ಲ. ಕೊನೆಯವರೆಗೆ ನಿಂತದ್ದು ನಾಲ್ಕು ಹೆಂಗಸರು: ಔರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್, ಕ್ಲಾಡೆಟ್ ಕಾಲ್ವಿನ್. ಕಾಲ್ವಿನ್ ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮುಂಚೆಯೇ ಬಸ್ಸಿನಲ್ಲಿ ಏಳದೆ ಬಂಧನಕ್ಕೆ ಒಳಗಾದ ಹುಡುಗಿ. ಆಗ ಅವಳಿಗೆ 15. ಕೇಸ್ ಹಾಕಿದ ವಕೀಲ ಫ್ರೆಡ್ ಗ್ರೇಗೆ 25.

ಆಗಿನ ನಿಯಮದಂತೆ ರಾಜ್ಯದ ಕಾನೂನನ್ನು ಪ್ರಶ್ನಿಸಿದರೆ ಮೂರು ಜಡ್ಜ್‌ಗಳ ಪೀಠ ಕೂರಬೇಕಿತ್ತು. ರಿಚರ್ಡ್ ರೈವ್ಸ್, ಸೀಬರ್ನ್ ಲಿನ್, ಜೊತೆಗೆ ನಮ್ಮ ಹೊಸ ಹುಡುಗ. ಒಳಗೆ ಕೂತು ಚರ್ಚಿಸುವಾಗ ಕಿರಿಯರು ಮೊದಲು ಅಭಿಪ್ರಾಯ ಹೇಳುವುದು ಪದ್ಧತಿ. ದೊಡ್ಡವರ ಮುಖ ನೋಡಿ ಮಾತು ಬದಲಿಸಬಾರದು ಅಂತ. ಜಾನ್ಸನ್ ಹಿಂದೆಮುಂದೆ ನೋಡದೆ ಹೇಳಿದರು, ಈ ಕಾನೂನು ನಿಲ್ಲುವುದಿಲ್ಲ ಅಂತ. ರೈವ್ಸ್ ಸೇರಿದರು. ಲಿನ್ ಒಪ್ಪಲಿಲ್ಲ. ಅವರ ವಾದವೂ ದಡ್ಡತನದ್ದಲ್ಲ. ಕಪ್ಪು, ಬಿಳಿ ಮಕ್ಕಳನ್ನು ಬೇರೆ ಇಡಬಾರದು ಅಂದ ಸುಪ್ರೀಂ ಕೋರ್ಟಿನ 1954ರ ಬ್ರೌನ್ ತೀರ್ಪು ಶಾಲೆಗಳ ಬಗ್ಗೆ ಮಾತ್ರ, ಬಸ್ಸಿನ ವಿಷಯದಲ್ಲಿ ಹಳೇ ತೀರ್ಪು ಇನ್ನೂ ಇದೆ, ಅದನ್ನು ಬದಲಿಸಬೇಕಾದ್ದು ಸುಪ್ರೀಂ ಕೋರ್ಟ್, ನಾವಲ್ಲ ಅಂತ. 1956ರ ಜೂನ್‌ನಲ್ಲಿ ತೀರ್ಪು, 2-1. ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಡಿಸೆಂಬರ್‌ನಲ್ಲಿ ಆದೇಶ ಊರಿಗೆ ತಲುಪಿದ ಮೇಲೆ ಬಹಿಷ್ಕಾರ ನಿಂತಿತು.

ಧಾರವಾಡದ ಮಳೆ:
ಜಾರ್ಜ್ ವಾಲೇಸ್ ಕಥಿ ಯಾರೂ ಹೇಳಲಿಲ್ಲಲ್ರೀ! ನಾನು ಹೇಳುತ್ತೇನೆ, ತಡೀರಿ.

ಮುಂದೆ ಅಲಬಾಮಾದ ಗವರ್ನರ್ ಆದ ಈ ವಾಲೇಸ್ ಮತ್ತು ಜಾನ್ಸನ್ ಲಾ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಗೆಳೆಯರೇ. ವಾಲೇಸ್ ಮುಂದೆ ರಾಜ್ಯದ ಕೋರ್ಟಿನ ಜಡ್ಜ್ ಆದ. 1958ರ ಕೊನೆಗೆ ಫೆಡರಲ್ ನಾಗರಿಕ ಹಕ್ಕು ಆಯೋಗದವರು ಮತದಾರರ ದಾಖಲೆ ಕೊಡಿ ಅಂದರು. ಇವನು ಕೊಡುವುದಿಲ್ಲ, ಬಂದರೆ ಜೈಲಿಗೆ ಹಾಕುತ್ತೇನೆ ಅಂದ. ಗವರ್ನರ್ ಚುನಾವಣೆಯಲ್ಲಿ ಆಗಷ್ಟೇ ಸೋತಿದ್ದ, ಹೆಸರು ಬೇಕಾಗಿತ್ತು. ಜಾನ್ಸನ್ ದಾಖಲೆ ಕೊಡು ಅಂತ ಆದೇಶ ಮಾಡಿದರು. ಜಾನ್ಸನ್ ಮುಂದೆ ಹೇಳಿಕೊಂಡ ಪ್ರಕಾರ, ವಾಲೇಸ್ ಒಂದು ರಾತ್ರಿ ಅವರ ಮನೆಗೇ ಬಂದ. ಸಣ್ಣ ಶಿಕ್ಷೆ ಕೊಡು ಮಾರಾಯ, ನನಗೆ ರಾಜಕೀಯಕ್ಕೆ ಅನುಕೂಲ ಆಗುತ್ತದೆ ಅಂತ ಕೇಳಿಕೊಂಡ. ಇವರು ಒಪ್ಪಲಿಲ್ಲ. ಆದೇಶ ಮೀರಿದರೆ ಜಾಸ್ತಿಯೇ ಹಾಕುತ್ತೇನೆ ಅಂದರು.

ವಾಲೇಸ್ ಏನು ಮಾಡಿದ ಗೊತ್ತೇನ್ರೀ? ಹೊರಗೆ ಮೀಸೆ ತಿರುವುತ್ತ, ಒಳಗಿಂದ ದಾಖಲೆಗಳನ್ನು ಗ್ರ್ಯಾಂಡ್ ಜ್ಯೂರಿಗೆ, ಅಂದರೆ ಆರೋಪ ಪರಿಶೀಲಿಸುವ ಊರಿನವರ ತಂಡಕ್ಕೆ ಕೊಟ್ಟು, ಅವರ ಮೂಲಕ ಆಯೋಗಕ್ಕೆ ಮುಟ್ಟಿಸಿದ. 1959ರ ಜನವರಿಯಲ್ಲಿ ಜಾನ್ಸನ್ ಅವನನ್ನು ನ್ಯಾಯಾಂಗ ನಿಂದನೆಯಿಂದ ಬಿಟ್ಟುಬಿಟ್ಟರು. ಬಿಡುವಾಗ ತೀರ್ಪಿನಲ್ಲಿ ಬರೆದರು, ಇವನು ಅಡ್ಡದಾರಿಯಲ್ಲಿ ಹೌದು, ಆದರೆ ಆದೇಶ ಪಾಲಿಸಿದ್ದಾನೆ ಅಂತ. ಹುತಾತ್ಮ ಆಗಬೇಕು ಅಂದವನಿಗೆ ಖುಲಾಸೆಯೇ ಶಿಕ್ಷೆ! ಅವತ್ತಿಂದ ಅವನು ಸಭೆ ಸಭೆಯಲ್ಲಿ ಜಾನ್ಸನ್‌ರನ್ನು ಸುಳ್ಳುಗಾರ ಅಂತ ಬೈದ. 1962ರಲ್ಲಿ ಗೆದ್ದೂ ಬಿಟ್ಟ.

ಲಾ ಮೂರನೇ ವರ್ಷ:
ಇದು ಸಿನಿಮಾ ಥರ ಇದೆ. ಒಂದು ಅನುಮಾನ. ಗೆಳೆಯನ ಕೇಸನ್ನು ತಾನೇ ಕೇಳಬಹುದಾ? ಹಿಂದೆ ಸರಿಯಬೇಕಿತ್ತಲ್ವಾ?

ನಿವೃತ್ತ ಶಿರಸ್ತೇದಾರ:
ಒಳ್ಳೆ ಪ್ರಶ್ನೆ ಮಗು. ಇವತ್ತಾಗಿದ್ದರೆ ಸರಿಯಬೇಕು ಅಂತಲೇ ನಾನು ಹೇಳುತ್ತೇನೆ. ರಾತ್ರಿ ಮನೆಗೆ ಬಂದ ಮೇಲಂತೂ.

ತುಂಗಾತೀರ:
ಎಲ್ಲರೂ ಹೂವಿನ ಹಾರ ಹಾಕುತ್ತಿದ್ದೀರಿ. ನಾನು ಸ್ವಲ್ಪ ಹುಳಿ ಹಿಂಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಟಸ್ಕೀಗಿ ಊರಿನ ಕೇಸ್ ಓದಿ. 1957ರಲ್ಲಿ ಅಲಬಾಮಾ ಶಾಸನಸಭೆ ಆ ಊರಿನ ಗಡಿಯನ್ನು ಕತ್ತರಿ ಹಿಡಿದು ಕತ್ತರಿಸಿತು. ಚೌಕವಾಗಿದ್ದ ಊರಿಗೆ 28 ಮೂಲೆ! ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಜನ ಬಿಟ್ಟು ಎಲ್ಲರೂ ಊರಿನ ಹೊರಗೆ. ಒಬ್ಬ ಬಿಳಿಯನೂ ಹೊರಗೆ ಹೋಗಲಿಲ್ಲ. ಮಗುವಿಗೂ ಅರ್ಥವಾಗುವ ಮೋಸ. ಕೇಸ್ ಬಂದಾಗ ನಿಮ್ಮ ಜಾನ್ಸನ್ ಏನು ಮಾಡಿದರು? ಊರಿನ ಗಡಿ ಹಾಕುವುದು ಶಾಸನಸಭೆಯ ಹಕ್ಕು, ನನಗೆ ಅಧಿಕಾರ ಇಲ್ಲ ಅಂತ ವಜಾ ಮಾಡಿದರು. 1960ರಲ್ಲಿ ಸುಪ್ರೀಂ ಕೋರ್ಟಿನ ಅಷ್ಟೂ ಜನ ಒಕ್ಕೊರಲಿನಿಂದ ಅದನ್ನು ತಿರುಗಿಸಿದರು.

ಸೆಲ್ಮಾದಲ್ಲೂ ಅಷ್ಟೆ. 1965ರ ಮಾರ್ಚ್ 7ಕ್ಕೆ ಮತದ ಹಕ್ಕು ಕೇಳಿ ಆ ಊರಿಂದ ಮಾಂಟ್ಗೊಮರಿಗೆ ಮೆರವಣಿಗೆ ಹೊರಟ ಜನರನ್ನು ಸೇತುವೆ ಮೇಲೆ ಪೊಲೀಸರು ಹೊಡೆದು ಕೆಡವಿದರು. ಮತ್ತೆ ಹೊರಟಾಗ ವಿಚಾರಣೆ ಮುಗಿಯುವವರೆಗೆ ಮೆರವಣಿಗೆ ಬೇಡ ಅಂತ ತಡೆಯಾಜ್ಞೆ ಕೊಟ್ಟವರು ಯಾರು? ಇವರೇ. 9ನೇ ತಾರೀಖು ಮಾರ್ಟಿನ್ ಲೂಥರ್ ಕಿಂಗ್ ಸೇತುವೆವರೆಗೆ ಹೋಗಿ ವಾಪಸ್ ಬರಬೇಕಾಯಿತು.

ಅಲಬಾಮಾವಾಸಿ:
ಎರಡೂ ನಿಜ. ನಾನು ಬರೆಯದೆ ಬಿಟ್ಟದ್ದು ತಪ್ಪು. ಟಸ್ಕೀಗಿಯದು ನನಗೂ ಅರ್ಥವಾಗದ ತೀರ್ಪು. ಹಳೇ ತೀರ್ಪುಗಳು ಕೈ ಕಟ್ಟಿವೆ ಅಂತ ಬರೆದರು. ಬಸ್ಸಿನ ಕೇಸಿನಲ್ಲಿ ಲಿನ್ ಹೇಳಿದ ಮಾತನ್ನೇ ಇಲ್ಲಿ ಇವರು ಹೇಳಿದ ಹಾಗಾಯಿತು.

ಹಾಸನದ ಕರಿಕೋಟು:
ಸೆಲ್ಮಾ ವಿಷಯದಲ್ಲಿ ನಾನು ಅವರ ಪರ. ಸಾಕ್ಷಿ ಕೇಳದೆ ಆದೇಶ ಮಾಡುವುದಿಲ್ಲ ಅನ್ನುವುದು ಅವರ ಹಟ. ಕೆಲವು ದಿನ ವಿಚಾರಣೆ ನಡೆಸಿದರು. ಸೇತುವೆಯ ಹೊಡೆತದ ಟಿವಿ ಫಿಲಂ ಅನ್ನು ಕೋರ್ಟಿನಲ್ಲೇ ಹಾಕಿ ತೋರಿಸಿದರು. ಮಾರ್ಚ್ 17ಕ್ಕೆ ಆದೇಶ. ಸೆಲ್ಮಾದಿಂದ ಮಾಂಟ್ಗೊಮರಿಗೆ 54 ಮೈಲಿ, ಹೆದ್ದಾರಿ 80ರ ಮೇಲೆ ನಡೆಯಬಹುದು. ರಸ್ತೆ ಕಿರಿದಾಗುವ ಕಡೆ 300 ಜನರಿಗಿಂತ ಜಾಸ್ತಿ ಬೇಡ. ರಾಜ್ಯ ಸರ್ಕಾರ ಅವರಿಗೆ ರಕ್ಷಣೆ ಕೊಡಬೇಕು. ಆದೇಶಕ್ಕೆ ಮುಂಚೆ, ಇದನ್ನು ಜಾರಿ ಮಾಡುವುದಕ್ಕೆ ವಾಷಿಂಗ್ಟನ್ ಹಿಂದೆ ನಿಲ್ಲುತ್ತದಾ ಅಂತ ಖಾತರಿ ಮಾಡಿಕೊಂಡರು. ಜಾರಿಯಾಗದ ಆದೇಶ ಬರೆದು ಪ್ರಯೋಜನ ಏನು, ಅಲ್ವಾ?

ಆ ಆದೇಶದ ತಿರುಳು ಇದು: ಬೀದಿಗಿಳಿದು ಪ್ರತಿಭಟಿಸುವ ಹಕ್ಕು ಎಷ್ಟು ದೊಡ್ಡದು ಅಂತ ಅಳೆಯಬೇಕಾದ್ದು ಅವರಿಗೆ ಆದ ಅನ್ಯಾಯ ಎಷ್ಟು ದೊಡ್ಡದು ಅನ್ನುವುದರ ಮೇಲೆ. ಇಲ್ಲಿ ಅನ್ಯಾಯ ಅಗಾಧ, ಹಾಗಾಗಿ ಹೆದ್ದಾರಿಯಷ್ಟು ಹಕ್ಕು.

ತುಂಗಾತೀರ:
ಓದುವುದಕ್ಕೆ ಚೆನ್ನಾಗಿದೆ. ಆದರೆ ಅನ್ಯಾಯದ ತೂಕ ಹಾಕುವ ತಕ್ಕಡಿ ಯಾರ ಕೈಯಲ್ಲಿದೆ? ನಾಳೆ ಇನ್ನೊಬ್ಬ ಜಡ್ಜ್ ಬಂದು ನಿಮ್ಮ ಅನ್ಯಾಯ ಕಾಲು ಕೆಜಿ ಮಾತ್ರ, ಫುಟ್‌ಪಾತ್ ಸಾಕು ಅಂದರೆ? ಹಕ್ಕು ಅಂದಮೇಲೆ ಎಲ್ಲರಿಗೂ ಒಂದೇ ಅಳತೆ ಇರಬೇಕು.

ಹಾಸನದ ಕರಿಕೋಟು:
ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅಲ್ಲಿನ ಕಾನೂನು ಪಂಡಿತರೂ ಇದೇ ತಕರಾರು ತೆಗೆದಿದ್ದಾರೆ.

ಬಹುಶಃ ಜಾನ್ಸನ್‌ರ ಜಾಣತನ ಕಾಣುವುದು ಇಲ್ಲಿಗಿಂತ ಶಾಲೆ ಕೇಸಿನಲ್ಲಿ. ಕೇಸ್ ಶುರುವಾದದ್ದು ಮೇಕನ್ ಅನ್ನೋ ಒಂದೇ ಕೌಂಟಿಯ ಶಾಲೆಗೆ. 1963ರ ಸೆಪ್ಟೆಂಬರ್‌ನಲ್ಲಿ ಬರೀ ಬಿಳಿಯರಿದ್ದ ಟಸ್ಕೀಗಿ ಹೈಸ್ಕೂಲಿಗೆ ಕಪ್ಪು ಮಕ್ಕಳು ಸೇರಬೇಕಿತ್ತು. ಸ್ಥಳೀಯ ಶಾಲಾ ಮಂಡಳಿ ಒಪ್ಪಿತ್ತು. ಗವರ್ನರ್ ವಾಲೇಸ್ ರಾಜ್ಯ ಪೊಲೀಸರನ್ನು ಕಳಿಸಿ ಬಾಗಿಲು ಹಾಕಿಸಿದ. ಆಗ ಜಾನ್ಸನ್ ಇದ್ದ ಪೀಠ ಕೇಳಿತು: ಮಂಡಳಿಯ ಮಾತು ಮೀರಿ ಶಾಲೆ ಮುಚ್ಚುವ ಅಧಿಕಾರ ನಿಮಗಿದೆ ಅಂದರೆ, ರಾಜ್ಯದ ಎಲ್ಲ ಶಾಲೆಗಳೂ ನಿಮ್ಮ ಹಿಡಿತದಲ್ಲೇ ಇವೆ ಅಂತಾಯಿತಲ್ಲ? 1967ರಲ್ಲಿ ಕಪ್ಪು, ಬಿಳಿ ಮಕ್ಕಳನ್ನು ಬೇರೆ ಇಡುವುದನ್ನು ನಿಲ್ಲಿಸಿ ಅಂತ ಸುಮಾರು ನೂರು ಶಾಲಾ ಮಂಡಳಿಗಳಿಗೆ ಒಂದೇ ಆದೇಶ ಬಂತು. ಇಡೀ ರಾಜ್ಯಕ್ಕೆ ಒಟ್ಟಿಗೆ ಇಂಥ ಆದೇಶ ಬಂದದ್ದು ಅದೇ ಮೊದಲು. ವಾಲೇಸ್ ತಾನೇ ತಂದು ಕೊಟ್ಟ ಸಾಕ್ಷಿ ಅದು.

ಕಾಫಿ ಡಿಕಾಕ್ಷನ್:
ನಾನು ವಕೀಲೆಯಲ್ಲ, ಬ್ಯಾಂಕಿನಲ್ಲಿದ್ದೇನೆ. ಹುಡುಕುವಾಗ ಒಂದು ಸಿಕ್ಕಿತು, ಇಷ್ಟವಾಯಿತು. ಮಾಂಟ್ಗೊಮರಿಯ ವಾಯುನೆಲೆಯಲ್ಲಿ ಶ್ಯಾರನ್ ಫ್ರಾಂಟಿಯೆರೊ ಅನ್ನೋ ಲೆಫ್ಟಿನೆಂಟ್ ಇದ್ದರು. ಗಂಡಸು ಅಧಿಕಾರಿಗೆ ಹೆಂಡತಿ ಹೆಸರಲ್ಲಿ ಮನೆ ಭತ್ಯೆ ತಾನಾಗಿ ಬರುತ್ತಿತ್ತು. ಹೆಂಗಸು ಅಧಿಕಾರಿಯಾದರೆ, ಗಂಡನ ಅರ್ಧಕ್ಕಿಂತ ಹೆಚ್ಚು ಖರ್ಚು ನಾನೇ ನೋಡಿಕೊಳ್ಳುತ್ತೇನೆ ಅಂತ ಸಾಬೀತು ಮಾಡಬೇಕು. ಇವರು ಕೇಸ್ ಹಾಕಿದರು. 1972ರಲ್ಲಿ ಮೂವರ ಪೀಠದಲ್ಲಿ ಇಬ್ಬರು ನಿಯಮ ಸರಿ ಅಂದರು. ಜಾನ್ಸನ್ ಒಬ್ಬರೇ ತಪ್ಪು ಅಂತ ಬರೆದರು. ಮುಂದಿನ ವರ್ಷ ಸುಪ್ರೀಂ ಕೋರ್ಟ್ 8-1ರಲ್ಲಿ ಜಾನ್ಸನ್ ಹೇಳಿದ ಕಡೆಗೇ ಬಂತು. ಬಸ್ಸಿನ ಕೇಸಿನಲ್ಲಿ ಜೊತೆಗಿದ್ದ ಅದೇ ರೈವ್ಸ್ ಈ ಸಲ ಎದುರು ಪಕ್ಷ. ತಮಾಷೆ ಅಲ್ವಾ?

ಧಾರವಾಡದ ಮಳೆ:
ಕ್ಲಾನ್‌ನವರ ಕೇಸೂ ಸೇರಿಸಿಬಿಡಿ. ಸೆಲ್ಮಾ ಮೆರವಣಿಗೆ ಮುಗಿದ ರಾತ್ರಿ ವಯೋಲಾ ಲಿಯುಝೊ ಅನ್ನೋ ಹೆಣ್ಣುಮಗಳನ್ನು ಕಾರಿನಲ್ಲೇ ಗುಂಡಿಟ್ಟು ಕೊಂದರು. ರಾಜ್ಯದ ಕೋರ್ಟಿನಲ್ಲಿ ಕೊಲೆ ಆರೋಪಿ ಖುಲಾಸೆ. ಜಾನ್ಸನ್ ಕೋರ್ಟಿನಲ್ಲಿ ಹಕ್ಕುಗಳ ವಿರುದ್ಧ ಸಂಚು ಅಂತ ಮತ್ತೆ ಕೇಸು. ಬರೀ ಬಿಳಿಯರಿದ್ದ ಜ್ಯೂರಿ. ಒಮ್ಮತ ಆಗುತ್ತಿಲ್ಲ ಅಂತ ಜ್ಯೂರಿ ಹೊರಗೆ ಬಂದಾಗ, ಇನ್ನೂ ಚರ್ಚೆ ಮಾಡಿ ಅಂತ ಒಳಗೆ ಕಳಿಸಿದರು. 1965ರ ಡಿಸೆಂಬರ್‌ನಲ್ಲಿ ಮೂವರಿಗೂ ಹತ್ತು ಹತ್ತು ವರ್ಷ.

ಬಿಳಿ ಕೋಟಿನ ಅಕ್ಕ:
ಎರಡು ದಿನದಿಂದ ಓದುತ್ತಿದ್ದೇನೆ, ಬರೆಯಬೇಕೋ ಬೇಡವೋ ಅಂತ. ಮೊದಲು ಒಂದು ಮಾತು. 'ಹುಚ್ಚಾಸ್ಪತ್ರೆ' ಅಂತ ಬರೆಯಬೇಡಿ ಅಣ್ಣ. ನಾನು ಇಪ್ಪತ್ತೆರಡು ವರ್ಷ ಮಾನಸಿಕ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಆ ಪದ ಕೇಳಿದರೆ ಮನೆಯವರೇ ರೋಗಿಯನ್ನು ನೋಡಲು ಬರುವುದಿಲ್ಲ.

ಈ ಜಡ್ಜ್ ಬಗ್ಗೆ ನನಗೆ ಮೊದಲೇ ಗೊತ್ತಿತ್ತು. ತರಬೇತಿಯಲ್ಲಿ ವಯಟ್ ಕೇಸ್ ಅಂತ ಪಾಠ ಮಾಡಿದ್ದರು. ಟಸ್ಕಲೂಸಾದ ಬ್ರೈಸ್ ಆಸ್ಪತ್ರೆ. ಐದು ಸಾವಿರಕ್ಕೂ ಜಾಸ್ತಿ ರೋಗಿಗಳು. 1970ರಲ್ಲಿ ಸಿಗರೇಟ್ ತೆರಿಗೆಯ ದುಡ್ಡು ಕಡಿಮೆಯಾಯಿತು ಅಂತ 99 ನೌಕರರನ್ನು ತೆಗೆದರು. ಕೇಸ್ ಶುರುವಾದದ್ದು ಆ ನೌಕರರ ಕೆಲಸ ಉಳಿಸುವುದಕ್ಕೆ! ಜೊತೆಗೆ ರಿಕಿ ವಯಟ್ ಅನ್ನೋ 15 ವರ್ಷದ ರೋಗಿಯ ಹೆಸರು ಸೇರಿಸಿದರು. ಆಮೇಲೆ ನೌಕರರ ವಿಷಯ ಹಿಂದೆ ಹೋಯಿತು, ರೋಗಿಗಳ ವಿಷಯ ಮುಂದೆ ಬಂತು. ಅಷ್ಟು ಜನಕ್ಕೆ ಚಿಕಿತ್ಸೆ ಕೊಡಲು ಮನೋವೈದ್ಯದಲ್ಲಿ ಅಷ್ಟಿಷ್ಟು ತರಬೇತಿ ಇದ್ದ ಡಾಕ್ಟರುಗಳು ಮೂರೇ ಜನ. ಒಬ್ಬ ರೋಗಿಯ ದಿನದ ಊಟಕ್ಕೆ ಅರ್ಧ ಡಾಲರ್.

1971ರಲ್ಲಿ ಜಾನ್ಸನ್ ಹೇಳಿದ ಮಾತು ಇಷ್ಟು. ಒಬ್ಬನನ್ನು ಚಿಕಿತ್ಸೆಗೆ ಅಂತ ಒತ್ತಾಯದಿಂದ ಒಳಗೆ ಹಾಕಿದ್ದೀರಿ. ಚಿಕಿತ್ಸೆ ಕೊಡದಿದ್ದರೆ ಅವನನ್ನು ಇಟ್ಟುಕೊಳ್ಳುವ ಹಕ್ಕು ನಿಮಗೆ ಎಲ್ಲಿಂದ ಬಂತು?

1972ರ ಏಪ್ರಿಲ್‌ನಲ್ಲಿ ಪಟ್ಟಿ ಹೊರಡಿಸಿದರು. ಒಂದು ಕೋಣೆಯಲ್ಲಿ ಆರು ಜನಕ್ಕಿಂತ ಹೆಚ್ಚಿಲ್ಲ. ಎಂಟು ಜನಕ್ಕೆ ಒಂದು ಕಕ್ಕಸು. ಹದಿನೈದು ಜನಕ್ಕೆ ಒಂದು ಸ್ನಾನದ ಜಾಗ. ಬಿಸಿನೀರು 110 ಡಿಗ್ರಿ ಫ್ಯಾರನ್‌ಹೀಟ್. ಓದುವವರಿಗೆ ನಗು ಬರಬಹುದು, ಜಡ್ಜ್ ಯಾಕೆ ಬಿಸಿನೀರಿನ ಲೆಕ್ಕ ಹಾಕುತ್ತಾರೆ ಅಂತ. ನಾನು ಕೆಲಸ ಮಾಡಿದ ಒಂದು ವಾರ್ಡಿನಲ್ಲಿ ಒಂದು ಚಳಿಗಾಲವಿಡೀ ಗೀಸರ್ ಕೆಟ್ಟಿತ್ತು. ತಣ್ಣೀರು ಸುರಿಯುವಾಗ ಆ ಹೆಂಗಸರು ಹೇಗೆ ನಡುಗುತ್ತಿದ್ದರು ಅಂತ ನನಗೆ ಗೊತ್ತು. 'ಸೂಕ್ತ ಸೌಲಭ್ಯ ಒದಗಿಸಿ' ಅಂತ ಬರೆದ ಸುತ್ತೋಲೆಗಳು ಆಫೀಸಿನಲ್ಲಿ ರಾಶಿ ಇದ್ದವು. ಯಾವುದರಲ್ಲೂ 110 ಡಿಗ್ರಿ ಅಂತ ಇರಲಿಲ್ಲ.

ಅಲಬಾಮಾವಾಸಿ:
ಅಕ್ಕ, ಕ್ಷಮಿಸಿ. ಆ ಪದ ಬಾಯಿಗೆ ಬಂದಂತೆ ಬರೆದುಬಿಟ್ಟೆ. ಇನ್ನು ಬರೆಯುವುದಿಲ್ಲ.

ಹಾಸನದ ಕರಿಕೋಟು:
ಅಕ್ಕ ಹೇಳಿದ್ದಕ್ಕೆ ನಮ್ಮ ಕಡೆಯ ಒಂದು ಕೊಂಡಿ. 1997ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ರಾಂಚಿ, ಆಗ್ರಾ, ಗ್ವಾಲಿಯರ್ ಮಾನಸಿಕ ಆಸ್ಪತ್ರೆಗಳ ಉಸ್ತುವಾರಿಯನ್ನು ರಾಷ್ಟ್ರೀಯ ಮಾನವ ಹಕ್ಕು ಆಯೋಗಕ್ಕೆ ಒಪ್ಪಿಸಿತು. ಆಗ ಆಯೋಗದ ಅಧ್ಯಕ್ಷರು ನಮ್ಮವರೇ, ಎಂ.ಎನ್. ವೆಂಕಟಾಚಲಯ್ಯನವರು. ಅವರ ಕಾಲದಲ್ಲೇ ಆಯೋಗ ಬೆಂಗಳೂರಿನ ನಿಮ್ಹಾನ್ಸ್ ಜೊತೆ ಸೇರಿ ದೇಶದ ಮಾನಸಿಕ ಆಸ್ಪತ್ರೆಗಳ ಸ್ಥಿತಿಗತಿ ಅಧ್ಯಯನ ಮಾಡಿಸಿತು, 1999ರಲ್ಲಿ ವರದಿ ಬಂತು. ಅಲ್ಲಿ ಒಬ್ಬ ಕೆಳಗಿನ ಕೋರ್ಟಿನ ಜಡ್ಜ್ ಮಾಡಿದ್ದನ್ನು ಇಲ್ಲಿ ಸುಪ್ರೀಂ ಕೋರ್ಟು, ಆಯೋಗ, ಸಂಸ್ಥೆ ಮೂರೂ ಸೇರಿ ಮಾಡಬೇಕಾಯಿತು.

ತುಂಗಾತೀರ:
ನನ್ನ ಹಟ ಬಿಡುವುದಿಲ್ಲ. ಬಿಸಿನೀರು ಬೇಕು, ಸರಿ. ಆದರೆ ದುಡ್ಡು ಯಾರದ್ದು? ತೆರಿಗೆ ಹಾಕುವವರು ಶಾಸಕರು, ಅವರನ್ನು ಆರಿಸುವವರು ಜನ. ಜಡ್ಜ್‌ನ ಯಾರೂ ಆರಿಸಿಲ್ಲ, ಸಾಯುವವರೆಗೆ ಇಳಿಸುವ ಹಾಗೂ ಇಲ್ಲ. ಆ ಮನುಷ್ಯ ಆಸ್ಪತ್ರೆ ನಡೆಸಿದರು, 1976ರಿಂದ ಜೈಲೂ ನಡೆಸಿದರು. ಜೈಲನ್ನು ಹೋಟೆಲ್ ಮಾಡುತ್ತಿದ್ದಾರೆ ಅಂತ ವಾಲೇಸ್ ಬೈದ. ವಾಲೇಸ್ ಕೆಟ್ಟವನೇ ಇರಬಹುದು. ಆದರೆ ಅವನಿಗೆ ಓಟು ಬಿದ್ದಿತ್ತು.

ಧಾರವಾಡದ ಮಳೆ:
ಹೋಟೆಲ್ ಅಂತೀರೇನು? ಡ್ರೇಪರ್ ಜೈಲಿನ 'ನಾಯಿಗೂಡು' ಬಗ್ಗೆ ತೀರ್ಪಿನಲ್ಲೇ ಇದೆ, ಓದಿ. ನಾಲ್ಕಡಿ ಎಂಟಡಿ ಕೋಣೆ. ಕೆಲವು ಸಲ ಅದರಲ್ಲಿ ಆರು ಜನ. ಹಾಸಿಗೆ ಇಲ್ಲ, ದೀಪ ಇಲ್ಲ, ನೀರಿಲ್ಲ. ನೆಲದಲ್ಲಿ ಒಂದು ತೂತು, ಅದೇ ಕಕ್ಕಸು. ಇಂಥ ಹೋಟೆಲ್ ನಮ್ಮೂರಲ್ಲಿಲ್ರೀ.

ಹಾಸನದ ಕರಿಕೋಟು:
ತುಂಗಾತೀರ, ಓಟಿನ ಮಾತು ತೂಕದ್ದು, ತಳ್ಳಿಹಾಕುವುದಿಲ್ಲ. ಆದರೆ ಹತ್ತು ವರ್ಷ ಹಿಂದಿನವರೆಗೆ ಆ ರಾಜ್ಯದಲ್ಲಿ ಕಪ್ಪು ಜನರಲ್ಲಿ ಎಷ್ಟು ಮಂದಿಗೆ ಓಟು ಹಾಕಲು ಬಿಟ್ಟಿದ್ದರು? ರೋಗಿಗೆ ಓಟಿಲ್ಲ, ಕೈದಿಗೆ ಓಟಿಲ್ಲ. ಇವರ ಪರ ಮಾತಾಡಿದರೆ ಯಾವ ಶಾಸಕನಿಗೂ ಲಾಭ ಇಲ್ಲ. ಜಾನ್ಸನ್ ಮೊದಲ ದಿನವೇ ಪಟ್ಟಿ ಹಿಡಿದು ಬರಲಿಲ್ಲ ಅನ್ನುವುದೂ ನೆನಪಿರಲಿ. ಆಸ್ಪತ್ರೆ ಕೇಸಿನಲ್ಲಿ ಸರ್ಕಾರಕ್ಕೆ ಆರು ತಿಂಗಳು ಕೊಟ್ಟರು, ನೀವೇ ಯೋಜನೆ ಮಾಡಿ ಅಂತ. ಅವರು ಮಾಡಿ ತಂದದ್ದು ಸಾಲದು ಅಂತ ಆದಮೇಲೆ ಪೆನ್ನು ತೆಗೆದರು.

ತುಂಗಾತೀರ:
ಅರ್ಧ ಒಪ್ಪಿದೆ. ಉಳಿದರ್ಧಕ್ಕೆ ಇನ್ನೊಂದು ದಿನ ಜಗಳ ಆಡೋಣ.

ಲಾ ಮೂರನೇ ವರ್ಷ:
ಕೊನೆಗೆ ಸುಪ್ರೀಂ ಕೋರ್ಟಿಗೆ ಯಾಕೆ ಹೋಗಲಿಲ್ಲ? ಇಷ್ಟು ಮಾಡಿದವರಿಗೆ ಬಡ್ತಿ ಬೇಡವಾ?

ಅಲಬಾಮಾವಾಸಿ:
ದಕ್ಷಿಣದ ರಾಜಕಾರಣಿಗಳಿಗೆ ಇವರ ಹೆಸರು ಕೇಳಿದರೆ ಆಗುತ್ತಿರಲಿಲ್ಲ, ಅದೊಂದು ಗೋಡೆ. 1977ರಲ್ಲಿ ಕಾರ್ಟರ್ ಎಫ್‌ಬಿಐ ಮುಖ್ಯಸ್ಥರಾಗಿ ಅಂತ ಹೆಸರಿಸಿದರು. ಅಷ್ಟರಲ್ಲಿ ರಕ್ತನಾಳದ ತೊಂದರೆಗೆ ಆಪರೇಷನ್ ಆಯಿತು, ಚೇತರಿಕೆ ನಿಧಾನವಾಯಿತು. ಹೆಸರು ವಾಪಸ್ ತೆಗೆದುಕೊಂಡರು. 1979ರಲ್ಲಿ ಮೇಲ್ಮನವಿ ಕೋರ್ಟಿಗೆ ಹೋದರು. 1992ರಲ್ಲಿ ಕಟ್ಟಡಕ್ಕೆ ಅವರ ಹೆಸರು ಬಂತು, 1995ರಲ್ಲಿ ಕ್ಲಿಂಟನ್ ಕೈಯಿಂದ ದೇಶದ ದೊಡ್ಡ ನಾಗರಿಕ ಪದಕ. ತೀರಿಕೊಂಡದ್ದು 1999ರ ಜುಲೈ, ಮಾಂಟ್ಗೊಮರಿಯಲ್ಲೇ.

ನನಗೆ ಇಷ್ಟವಾದದ್ದು ಬೇರೆ. 1979ರಲ್ಲಿ ಅವರು ಬಿಟ್ಟ ಕುರ್ಚಿಗೆ ಮರುವರ್ಷ ಬಂದವರು ಮೈರನ್ ಥಾಂಪ್ಸನ್, ಕಪ್ಪು ವಕೀಲರು. ಅಕ್ಕ ಹೇಳಿದ ವಯಟ್ ಕೇಸನ್ನು 2003ರಲ್ಲಿ ಮುಗಿಸಿದ್ದು ಅವರೇ. ಶುರುವಾದದ್ದು 1970. ಲೆಕ್ಕ ಹಾಕಿ.

ಮೊನ್ನೆ ರಜೆಯಲ್ಲಿ ಮಗಳನ್ನು ಕರೆದುಕೊಂಡು ಮತ್ತೆ ಹೋಗಿದ್ದೆ. ಕೋರ್ಟಿನ ಪಕ್ಕಕ್ಕೇ ಹಳೇ ಗ್ರೇಹೌಂಡ್ ಬಸ್ ನಿಲ್ದಾಣ, ಈಗ ಮ್ಯೂಸಿಯಂ. 1961ರ ಮೇ 20ಕ್ಕೆ ಫ್ರೀಡಂ ರೈಡರ್ಸ್ ಅನ್ನೋ, ಬಸ್ಸಿನಲ್ಲಿ ಕಪ್ಪು ಬಿಳಿ ಒಟ್ಟಿಗೆ ಕೂತು ಪ್ರತಿಭಟಿಸುತ್ತಿದ್ದವರನ್ನು ಅಲ್ಲೇ ಹೊಡೆದರು, ಪೊಲೀಸರು ಬರಲಿಲ್ಲ. ಜಾನ್ಸನ್ ಕ್ಲಾನ್ ಮೇಲೂ ಊರಿನ ಪೊಲೀಸರ ಮೇಲೂ ತಡೆಯಾಜ್ಞೆ ಹೊರಡಿಸಿದರು. ಬಸ್ ನಿಲ್ದಾಣದಿಂದ ಕೋರ್ಟಿಗೆ ಮಗಳು ಹೆಜ್ಜೆ ಎಣಿಸಲು ಹೊರಟಳು, ಮಧ್ಯದಲ್ಲಿ ಐಸ್‌ಕ್ರೀಂ ನೆನಪಾಗಿ ಬಿಟ್ಟಳು.

ನಿವೃತ್ತ ಶಿರಸ್ತೇದಾರ:
33 ವರ್ಷದ ಕೇಸು! ಜಡ್ಜ್‌ಗಳ ಹೆಸರು ಎಲ್ಲರೂ ಹೇಳಿದಿರಿ, ಸಂತೋಷ. ಆ ಕಡತ ಕಾಪಾಡಿದ ಗುಮಾಸ್ತರು ಯಾರೋ ಏನೋ. ಗೆದ್ದಲು ಹಿಡಿಯದ ಹಾಗೆ, ಪುಟ ತಪ್ಪದ ಹಾಗೆ. ಎಷ್ಟು ಬೀರು ತುಂಬಿತ್ತು ಅಂತ ಯಾರಿಗಾದರೂ ಗೊತ್ತಾದರೆ ಇಲ್ಲಿ ಬರೆಯಿರಪ್ಪ.